ಹಳೆಯ ಮೈಸೂರಿನ ಸಂಗೀತ ಮತ್ತು ಅದು ನೆಲೆಸಿದ ಕಟ್ಟಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಸಂಗೀತದ ಬಗ್ಗೆ ಬಂದ ಪತ್ರಗಳಲ್ಲಿಯೂ ಕಛೇರಿ ಮುಗಿದ ಮೇಲಿನ ಮಾತುಕತೆಗಳಲ್ಲಿಯೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಕೇಳಿದವರ ಮಾತಿನಲ್ಲೇ ಕೊಟ್ಟು ಉತ್ತರಿಸಲಾಗಿದೆ. ಊರಿಗೆ ಹೊಸಬರು ಕೇಳುವ ಪ್ರಶ್ನೆಗಳು ಮೊದಲು ಬಂದಿವೆ. ಸಂಗೀತವನ್ನೂ ಕಟ್ಟಡಗಳ ಸಂರಕ್ಷಣೆಯನ್ನೂ ಹತ್ತಿರದಿಂದ ಬಲ್ಲವರ ಪ್ರಶ್ನೆಗಳು ಕೊನೆಯಲ್ಲಿವೆ.

## ಮೊದಲು ತಿಳಿಯಬೇಕಾದವು

ಮೈಸೂರಿನ ಸಂಗೀತದ ಕೇರಿ ಅಂತಾರಲ್ಲ, ಅದು ಊರಿನ ಯಾವ ಭಾಗ?

ಆ ಹೆಸರಿನ ಬಡಾವಣೆ ಯಾವ ನಕ್ಷೆಯಲ್ಲಿಯೂ ಇಲ್ಲ. ಅಂಬಾವಿಲಾಸ ಅರಮನೆಯನ್ನು ನಡುವೆ ಇಟ್ಟುಕೊಂಡು ಪಶ್ಚಿಮಕ್ಕೆ ಜಗನ್ಮೋಹನ ಅರಮನೆ, ಉತ್ತರಕ್ಕೆ ದೊಡ್ಡ ಗಡಿಯಾರ, ಪುರಭವನ, ಚಿಕ್ಕ ಗಡಿಯಾರ ಮತ್ತು ದೇವರಾಜ ಮಾರುಕಟ್ಟೆ, ಅಲ್ಲಿಂದ ಮುಂದೆ ದೇವರಾಜ ಮೊಹಲ್ಲದ ನಾರಾಯಣ ಶಾಸ್ತ್ರಿ ರಸ್ತೆ, ದಕ್ಷಿಣಕ್ಕೆ ಅಗ್ರಹಾರದ ಬೀದಿಗಳು, ಇಷ್ಟನ್ನು ಒಳಗೊಂಡ ಹಳೆಯ ಊರನ್ನು ಈ ಬರಹದಲ್ಲಿ ಒಂದು ನೆರೆಹೊರೆಯೆಂದು ಭಾವಿಸಲಾಗಿದೆ. ಇದು ನಡೆದೇ ಸುತ್ತಿ ಬರಬಹುದಾದ ಪ್ರದೇಶ. ಆಸ್ಥಾನದಲ್ಲಿ ಸೇವೆ ಸಲ್ಲಿಸುವ ವಿದ್ವಾಂಸರು ಅರಮನೆಗೆ ಹೋಗಿಬರಲು ಅನುಕೂಲವಾಗುವಷ್ಟು ಹತ್ತಿರದಲ್ಲಿ ಮನೆ ಮಾಡಿಕೊಂಡಿದ್ದರು. ಶಿಷ್ಯರು ಗುರುಗಳ ಮನೆಯ ಆಸುಪಾಸಿನಲ್ಲಿದ್ದರು. ಕೇಳುಗರೂ ಅದೇ ಬೀದಿಗಳವರಾಗಿದ್ದರು. ಹಾಡುವವರು, ಕಲಿಯುವವರು ಮತ್ತು ಕೇಳುವವರು ದಿನವೂ ಒಬ್ಬರ ಕಣ್ಣಿಗೆ ಒಬ್ಬರು ಬೀಳುತ್ತಿದ್ದುದೇ ಈ ಪ್ರದೇಶದ ಸಂಗೀತಕ್ಕೆ ಅದರದೇ ಆದ ಗುಣವನ್ನು ಕೊಟ್ಟಿತೆಂದು ನನ್ನ ನಂಬಿಕೆ. ವಾಣಿವಿಲಾಸ ಮೊಹಲ್ಲ ಮತ್ತು ಕುವೆಂಪುನಗರ ಈ ಗಡಿಯ ಆಚೆಗಿದ್ದರೂ ಕಥೆಗೆ ಬೇಕಾಗುವುದರಿಂದ ಮುಂದೆ ಅವುಗಳ ಮಾತೂ ಬರುತ್ತದೆ.

ನೋಡಲು ಹೋದರೆ ಎಲ್ಲರೂ ದೊಡ್ಡ ಅರಮನೆಯನ್ನೇ ತೋರಿಸ್ತಾರೆ. ಜಗನ್ಮೋಹನ ಅರಮನೆಗೆ ಯಾಕಷ್ಟು ಮಹತ್ವ ಕೊಡ್ತೀರಿ?

ದೊಡ್ಡ ಅರಮನೆಗಿಂತ, ಅಂದರೆ ಈಗಿನ ಅಂಬಾವಿಲಾಸಕ್ಕಿಂತ, ಜಗನ್ಮೋಹನ ಹಳೆಯದು. ಅದನ್ನು 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಲಾಯಿತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿ ಹತ್ತಿ ಮರದ ಹಳೆಯ ಅರಮನೆ ಸುಟ್ಟುಹೋಯಿತು. ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ವಿನ್ಯಾಸವನ್ನು ಹೆನ್ರಿ ಇರ್ವಿನ್‌ಗೆ ಒಪ್ಪಿಸಿದರು, ಅದು ಮುಗಿದದ್ದು 1912ರಲ್ಲಿ. ನಡುವಿನ ಆ ಹದಿನೈದು ವರ್ಷ ರಾಜಮನೆತನಕ್ಕೆ ಆಸರೆಯಾದದ್ದು ಜಗನ್ಮೋಹನ. 1902ರ ಆಗಸ್ಟ್‌ನಲ್ಲಿ ವೈಸ್‌ರಾಯ್ ಕರ್ಜನ್ ಸಮ್ಮುಖದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡದ್ದು ಇಲ್ಲಿಯೇ. ಮೈಸೂರು ವೀಣೆಯ ಬಹು ಎತ್ತರದ ಕಾಲವೂ ಹೆಚ್ಚುಕಡಿಮೆ ಈ ವರ್ಷಗಳಲ್ಲಿಯೇ ಬರುತ್ತದೆ. ಸಂಗೀತದ ಇತಿಹಾಸ ಬರೆಯುವವರು ಇದನ್ನು ನೆನಪಿಡಬೇಕು, ಏಕೆಂದರೆ ಇಂದು ಪ್ರವಾಸಿಗರು ನೋಡುವ ದರ್ಬಾರ್ ಸಭಾಂಗಣವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ವರ್ಷಗಳ ಕಛೇರಿಗಳನ್ನು ಊಹಿಸಿಕೊಂಡರೆ ಚಿತ್ರವೇ ತಪ್ಪಾಗುತ್ತದೆ.

1915ರಲ್ಲಿ ಜಗನ್ಮೋಹನ ಚಿತ್ರಶಾಲೆಯಾಯಿತು. ರಾಜಾ ರವಿವರ್ಮ ಅವರ ಚಿತ್ರಗಳನ್ನೂ ಹಳದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರವನ್ನೂ ನೋಡಲು ಜನ ಬರುತ್ತಾರೆ. ಹಳೆಯ ವಾದ್ಯಗಳ ಸಂಗ್ರಹ ಇರುವಲ್ಲಿ ನಿಲ್ಲುವವರು ಕಡಿಮೆ. ಸಂಗೀತ ಬಲ್ಲವರು ಅಲ್ಲಿ ಸ್ವಲ್ಪ ಹೊತ್ತು ಕಳೆಯಬೇಕೆಂದು ಕೋರುತ್ತೇನೆ.

ಪುರಭವನಕ್ಕೂ ಸಂಗೀತಕ್ಕೂ ಏನು ಸಂಬಂಧ? ಅದು ಸರ್ಕಾರಿ ಕಟ್ಟಡ ಅಲ್ವಾ?

1883ರಲ್ಲಿ ತೀರಿಕೊಂಡ ದಿವಾನ್ ರಂಗಾಚಾರ್ಲು ಅವರ ನೆನಪಿಗಾಗಿ 1884ರಲ್ಲಿ ಕಟ್ಟಿಸಿದ ಭವನ ಅದು. ಮೊದಲಿನಿಂದಲೂ ಸಾರ್ವಜನಿಕ ಸಭೆಗಳಿಗೆ ಮಾತ್ರವಲ್ಲದೆ ನಾಟಕಕ್ಕೂ ಸಂಗೀತಕ್ಕೂ ಅದು ಒದಗಿದೆ. ಆ ಕಾಲದಲ್ಲಿ ಕನ್ನಡ ರಂಗಭೂಮಿಯನ್ನೂ ಸಂಗೀತವನ್ನೂ ಬೇರ್ಪಡಿಸಿ ನೋಡುವಂತಿರಲಿಲ್ಲ. ಹತ್ತನೆಯ ಚಾಮರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆಗೆ ಬಸಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದುಕೊಟ್ಟರು; ನಟನಾದವನು ಹಾಡುಗಾರನೂ ಆಗಿರಲೇಬೇಕಿತ್ತು. ಮೈಸೂರು ಸಂಸ್ಥಾನದ ನಾಡಗೀತೆ ‘ಕಾಯೌ ಶ್ರೀ ಗೌರಿ’ಯನ್ನು ಬರೆದವರೂ ಅದೇ ಬಸಪ್ಪ ಶಾಸ್ತ್ರಿಗಳು.

ಚೌಡಯ್ಯ ಹಾಲ್ ಮೈಸೂರಿನಲ್ಲಿ ಎಲ್ಲಿದೆ?

ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಇರುವುದು ಬೆಂಗಳೂರಿನಲ್ಲಿ. ಅದು 1980ರಲ್ಲಿ ಆರಂಭವಾಯಿತು. ಪಿಟೀಲು ವಿದ್ವಾಂಸ ಚೌಡಯ್ಯನವರು ಕಲಿತದ್ದು ಮತ್ತು ಬಾಳಿದ್ದು ಮಾತ್ರ ಮೈಸೂರಿನಲ್ಲಿ. ಅವರ ಮೈಸೂರನ್ನು ನೋಡಬಯಸುವವರು ಮುಂದಿನ ಉತ್ತರದಲ್ಲಿ ಹೇಳಿರುವ ರಾಮಮಂದಿರಕ್ಕೆ ಹೋಗಬೇಕು.

## ವಿದ್ವಾಂಸರು ಮತ್ತು ಅವರ ಜಾಗಗಳು

ಬಿಡಾರಂ ಕೃಷ್ಣಪ್ಪನವರ ರಾಮಮಂದಿರ ಅಂದರೆ ದೇವಸ್ಥಾನವೋ, ಸಂಗೀತ ಸಭೆಯೋ?

ಎರಡೂ ಹೌದು, ಮತ್ತು ಅದನ್ನು ಎರಡಾಗಿ ಬಿಡಿಸಿ ನೋಡುವ ಅಗತ್ಯ ಕೃಷ್ಣಪ್ಪನವರಿಗೆ ಕಂಡಿರಲಿಲ್ಲ. 1866ರಲ್ಲಿ, ಈಗ ಉಡುಪಿ ಜಿಲ್ಲೆಯಲ್ಲಿರುವ ನಂದಳಿಕೆಯಲ್ಲಿ ಕೊಂಕಣಿ ಮನೆಮಾತಿನ ಬಡ ಕುಟುಂಬದಲ್ಲಿ ಹುಟ್ಟಿದ ಅವರು ಮೈಸೂರಿಗೆ ಬಂದು ಆಸ್ಥಾನ ವಿದ್ವಾಂಸರಾದರು. ಕಛೇರಿಯಲ್ಲಿ ಕೊನೆಗೆ ಒಂದೆರಡು ತುಕ್ಕಡವಾಗಿ ಮಾತ್ರ ಉಳಿಯಬಹುದಾಗಿದ್ದ ದಾಸರ ಪದಗಳಿಗೆ ರಾಗ ವಿಸ್ತಾರದ ಗೌರವ ಕೊಟ್ಟು ಹಾಡಿದವರಲ್ಲಿ ಅವರು ಪ್ರಮುಖರು. ತೆಲುಗು ಕೃತಿಗಳೇ ತುಂಬಿದ್ದ ವೇದಿಕೆಯಲ್ಲಿ ಪುರಂದರದಾಸರ ಕನ್ನಡ ತಲೆ ಎತ್ತಿ ನಿಂತದ್ದರಲ್ಲಿ ಅವರ ಪಾಲು ದೊಡ್ಡದು.

ಅವರು ನಾರಾಯಣ ಶಾಸ್ತ್ರಿ ರಸ್ತೆಯಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಹೊರಗಿನಿಂದ ನೋಡಿದವರಿಗೆ ಅದು ಬೀದಿಯ ಸಾಲಿನಲ್ಲಿ ಸೇರಿಹೋದ ಒಂದು ಕಟ್ಟಡ. ಒಳಗಿನ ಅಂಗಣ ಮಾತ್ರ ಕೂತು ಕೇಳುವುದಕ್ಕೆಂದೇ ಮಾಡಿದ್ದು. ರಾಮೋತ್ಸವದಲ್ಲಿ ಅಲ್ಲಿ ಕಛೇರಿ ಮಾಡುವುದು ನಾಡಿನ ವಿದ್ವಾಂಸರಿಗೆ ಗೌರವದ ವಿಷಯವಾಗಿತ್ತು. ರಾಜರ ಆಹ್ವಾನವಿಲ್ಲದವರಿಗೆ ಅರಮನೆಯ ಸಂಗೀತ ದೂರವೇ ಇದ್ದ ಕಾಲದಲ್ಲಿ, ಅದೇ ಅರಮನೆಯ ವಿದ್ವಾಂಸನೊಬ್ಬ ಊರಿನವರೆಲ್ಲ ಬಂದು ಕೂರಬಹುದಾದ ಜಾಗವನ್ನು ತನ್ನ ಸ್ವಂತ ಶ್ರಮದಿಂದ ನಿಲ್ಲಿಸಿದ್ದು ಈ ನೆರೆಹೊರೆಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಘಟನೆಯಾಗಿ ಕಾಣುತ್ತದೆ. ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು. ಅವರ ನೆಚ್ಚಿನ ಶಿಷ್ಯ ಚೌಡಯ್ಯನವರು ಕಟ್ಟಿದ ಅಯ್ಯನಾರ್ ಸಂಗೀತ ಕಾಲೇಜಿಗೂ ಈ ಮಂದಿರವೇ ನೆಲೆ ಕೊಟ್ಟಿತು.

ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದ್ದು ಯಾಕೆ? ಹೊಸತನಕ್ಕಾಗಿಯಾ?

ಕೇಳಿಸಲಿ ಎಂಬುದಕ್ಕಾಗಿ. ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ತುಂಬು ಕಂಠದ ಗಾಯಕರ ಪಕ್ಕದಲ್ಲಿ ಕೂತು ಪಿಟೀಲು ನುಡಿಸುವವರಿಗೆ ಒಂದು ಕಷ್ಟವಿತ್ತು: ಮುಂದಿನ ಸಾಲಿನವರಿಗೆ ಸೊಗಸಾಗಿ ಕೇಳುವ ನಾದ ಹಿಂದೆ ಕೂತವರನ್ನು ತಲುಪುತ್ತಿರಲಿಲ್ಲ. ಪಿಟೀಲಿನ ನಾಲ್ಕು ತಂತಿಗಳಿಗೆ ಚೌಡಯ್ಯನವರು ಇನ್ನೂ ಮೂರನ್ನು ಸೇರಿಸಿ, ಮೂಲ ತಂತಿಯ ಜೊತೆಗೆ ಅದರದೇ ಇನ್ನೊಂದು ಸ್ಥಾಯಿಯ ತಂತಿಯೂ ಕಮಾನಿಗೆ ಸಿಗುವಂತೆ ಜೋಡಿಸಿದರು. ಒಂದೇ ಎಳೆತಕ್ಕೆ ಎರಡು ಸ್ಥಾಯಿಗಳು ಒಟ್ಟಿಗೆ ನುಡಿದಾಗ ನಾದ ದಪ್ಪಗಾಗುತ್ತದೆ, ಗಾತ್ರ ಹೆಚ್ಚುತ್ತದೆ, ದೂರ ಹೋಗುತ್ತದೆ.

ಇದರ ಬೆಲೆಯೂ ಸಣ್ಣದಲ್ಲ. ಜೋಡಿ ತಂತಿಗಳ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಕಿವಿಗೆ ಚುಚ್ಚುತ್ತದೆ. ಎಡಗೈಯ ಬೆರಳು ಎರಡು ತಂತಿಗಳನ್ನು ಸಮವಾಗಿ ಒತ್ತಬೇಕು. ಸ್ವರವನ್ನು ತೂಗಿ ಜಾರಿಸುವ ಗಮಕದಲ್ಲಿ ಎರಡೂ ಕೂಡಿಯೇ ಜಾರಬೇಕು. ಕಮಾನಿನ ಒತ್ತಡ ಹೆಚ್ಚಬೇಕು. ಹೀಗಾಗಿ ಏಳು ತಂತಿಯ ಪಿಟೀಲನ್ನು ಹಿಡಿದವರು ಮುಂದೆಯೂ ಬೆರಳೆಣಿಕೆಯಷ್ಟೇ ಆದರು. ಧ್ವನಿವರ್ಧಕ ಬಂದ ಮೇಲೆ ಅದರ ಅಗತ್ಯವೂ ಕಡಿಮೆಯಾಯಿತು. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದ ಚೌಡಯ್ಯನವರಿಗೆ 1957ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಗೌರವ ಸಂದಿತು. ಅವರ ಸಾಧನೆಯನ್ನು ಅಳೆಯುವಾಗ ಕಟ್ಟಡವನ್ನು ಮರೆಯಬಾರದು. ಜನರಿಂದ ತುಂಬಿದ ಅಂಗಣವೊಂದು ವಾದ್ಯದ ರೂಪವನ್ನೇ ಬದಲಿಸಿದ್ದಕ್ಕೆ ನಮ್ಮಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ವೀಣೆಯಲ್ಲಿ ಮೈಸೂರು ಬಾನಿ ಅಂದರೆ ಏನು? ಕೇಳಿದಾಗ ಹೇಗೆ ಗುರುತಿಸಬೇಕು?

ಬಾನಿ ಎಂದರೆ ನುಡಿಸುವ ಶೈಲಿ. ಮೊದಲು ಮೀಟನ್ನು ಗಮನಿಸಿ. ತಂಜಾವೂರು ಬಾನಿಯಲ್ಲಿ ಒಂದು ಮೀಟಿಗೆ ತಂತಿಯನ್ನು ಎಳೆದು ಹಲವು ಸ್ವರಗಳನ್ನು ಹಾಡಿದಂತೆ ತೆಗೆಯುವುದು ಹೆಚ್ಚು. ಮೈಸೂರು ಬಾನಿಯಲ್ಲಿ ಮೀಟುಗಳು ಹೆಚ್ಚು, ಗಮಕ ಹಿತಮಿತ, ಸ್ವರಗಳು ಬಿಡಿಬಿಡಿಯಾಗಿ ತಿಳಿಯಾಗಿ ಉದುರುತ್ತವೆ. ಎಡಗೈಯ ತೋರುಬೆರಳು ಮತ್ತು ನಡುಬೆರಳುಗಳನ್ನು ಅಂಟಿಸಿಕೊಳ್ಳದೆ ಬೇರೆ ಬೇರೆಯಾಗಿ ದುಡಿಸುವುದರಿಂದ ವೇಗದ ಸ್ವರಗುಚ್ಛಗಳು ಕಲಸಿಹೋಗುವುದಿಲ್ಲ. ತಾನವನ್ನು ಕೇಳಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ವೀಣೆಯನ್ನು ಹತ್ತಿರದಿಂದ ನೋಡಿದವರಿಗೆ ಇದರ ಕಾರಣ ಅರ್ಧ ತಿಳಿದಂತೆಯೇ. ದಂಡಿಯ ಮೇಲೆ ಎರಡು ಸಾಲಾಗಿ ಮೇಣ ಕಟ್ಟಿ, ಅದರಲ್ಲಿ 24 ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸಿರುತ್ತಾರೆ. ನುಡಿಸುವ ತಂತಿ ನಾಲ್ಕು, ಪಕ್ಕದಲ್ಲಿ ತಾಳದ ತಂತಿ ಮೂರು. ಮೆಟ್ಟಿಲು ಕೂರಿಸುವವನು ಮೇಣ ಬಿಸಿಯಿರುವಾಗಲೇ ತಂತಿ ಮೀಟಿ ಕೇಳುತ್ತಾ ಮೆಟ್ಟಿಲನ್ನು ತುಸು ಹಿಂದೆ, ತುಸು ಮುಂದೆ ಸರಿಸಿ ಸ್ವರಸ್ಥಾನ ಹಿಡಿಯುತ್ತಾನೆ. ಬೇಸಿಗೆಗೆ ಮೇಣ ಮೆತ್ತಗಾದರೆ ಸ್ಥಾನ ಕದಲುತ್ತದೆ, ಮತ್ತೆ ಮೇಳ ಕಟ್ಟಿಸಬೇಕಾಗುತ್ತದೆ, ಅಂದರೆ ಮೆಟ್ಟಿಲುಗಳನ್ನು ಹೊಸದಾಗಿ ಕೂರಿಸಬೇಕಾಗುತ್ತದೆ. ಮೀಟುಗಳು ಹೆಚ್ಚಾಗಿ ಸ್ವರ ಬಿಡಿಯಾಗಿ ಕೇಳಿಸುವ ಬಾನಿಯಲ್ಲಿ ಮೆಟ್ಟಿಲು ತಪ್ಪಿದ್ದರೆ ಮುಚ್ಚಿಕೊಳ್ಳಲು ಎಡೆಯಿಲ್ಲ. ಮೇಳ ಕಟ್ಟುವವರಿಗೆ ವೈಣಿಕರು ಕೊಡುತ್ತಿದ್ದ ಮರ್ಯಾದೆ ಸುಮ್ಮನೆ ಬಂದದ್ದಲ್ಲ.

ಈ ಬಾನಿಯ ಶಿಖರ ವೀಣೆ ಶೇಷಣ್ಣನವರು (1852–1926). ತಂದೆ ಚಿಕ್ಕರಾಮಪ್ಪನವರೂ ಆಸ್ಥಾನದ ವೈಣಿಕರು. ಶೇಷಣ್ಣನವರು ವೀಣೆಯ ಜೊತೆಗೆ ಪಿಟೀಲು, ಸ್ವರಬತ್, ಜಲತರಂಗ ಮತ್ತು ಪಿಯಾನೋಗಳನ್ನೂ ನುಡಿಸುತ್ತಿದ್ದರು. ಸ್ವರಜತಿ ಮತ್ತು ತಿಲ್ಲಾನಗಳನ್ನು ರಚಿಸಿದರು. ಅವರ ಸಮಕಾಲೀನರಾದ ವೀಣೆ ಸುಬ್ಬಣ್ಣನವರ ಹೆಸರನ್ನು ಅವರ ಹೆಸರಿನೊಡನೆಯೇ ಹೇಳುವುದು ಮೈಸೂರಿನ ರೂಢಿ. ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರಿಗೆ ವಿದ್ಯೆ ಇಳಿಯಿತು. ದೊರೆಸ್ವಾಮಿ ಅಯ್ಯಂಗಾರರ ಧ್ವನಿಮುದ್ರಣಗಳು ಧಾರಾಳವಾಗಿ ಸಿಗುವುದರಿಂದ ಹೊಸಬರು ಅವರಿಂದಲೇ ಕೇಳಲು ತೊಡಗುವುದು ಒಳ್ಳೆಯದು.

ವಾಸುದೇವಾಚಾರ್ಯರು ಮತ್ತು ಮುತ್ತಯ್ಯ ಭಾಗವತರು ಇಬ್ಬರೂ ಮೈಸೂರಿನವರೇನಾ?

ವಾಸುದೇವಾಚಾರ್ಯರು (1865–1961) ಇಲ್ಲಿಯವರು. ರಾಜಾಶ್ರಯದಲ್ಲಿ ತಿರುವೈಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿತು ಮರಳಿದರು. ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಅವರದೇ ರಚನೆ. ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋದರು. ಮುತ್ತಯ್ಯ ಭಾಗವತರು (1877–1945) ತಮಿಳುನಾಡಿನವರು. ನಾಲ್ವಡಿಯವರ ಇಚ್ಛೆಯಂತೆ ಚಾಮುಂಡೇಶ್ವರಿಯ ಮೇಲೆ ಅವರು ಕನ್ನಡದಲ್ಲಿ ಅಷ್ಟೋತ್ತರ ಕೃತಿಗಳನ್ನು ಸಂಯೋಜಿಸಿದರು. ‘ಭುವನೇಶ್ವರಿಯ ನೆನೆದು’ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತದೆ. ಉಳಿದ ಎಷ್ಟೋ ಕೃತಿಗಳನ್ನು ಹಾಡುವವರು ವಿರಳವಾಗಿರುವುದು ದುಃಖದ ಸಂಗತಿ.

ಗೌಹರ್ ಜಾನ್ ಮೈಸೂರಿನಲ್ಲೇ ತೀರಿಕೊಂಡರಂತೆ. ನಿಜವಾ?

ನಿಜ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿ, ಭಾರತದ ಧ್ವನಿಮುದ್ರಣದ ಚರಿತ್ರೆಯ ಮೊದಲ ಪುಟದಲ್ಲಿ ನಿಂತ ಆ ಗಾಯಕಿ, ಸಿರಿ ಕರಗಿದ ಇಳಿಗಾಲದಲ್ಲಿ ನಾಲ್ವಡಿಯವರ ಆಹ್ವಾನದ ಮೇರೆಗೆ 1928ರಲ್ಲಿ ಮೈಸೂರಿಗೆ ಬಂದು ಆಸ್ಥಾನ ಗಾಯಕಿಯಾದರು. 1930ರ ಜನವರಿ 17ರಂದು ಇಲ್ಲಿಯೇ ಕೊನೆಯುಸಿರೆಳೆದರು. ಹಿಂದೂಸ್ತಾನಿ ಸಂಗೀತಕ್ಕೆ ಮೈಸೂರಿನ ಬಾಗಿಲು ಅವರಿಗಿಂತ ಮೊದಲೇ ತೆರೆದಿತ್ತು. ಅಬ್ದುಲ್ ಕರೀಂ ಖಾನ್ ಮತ್ತು ಫೈಯಾಜ್ ಖಾನ್ ಅವರಂಥವರು ಇಲ್ಲಿ ಹಾಡಿ ಮನ್ನಣೆ ಪಡೆದಿದ್ದರು. ಫೈಯಾಜ್ ಖಾನ್ ಅವರ ಹೆಸರಿನೊಡನೆ ಬರುವ ‘ಆಫ್ತಾಬ್-ಎ-ಮೌಸಿಕಿ’ ಬಿರುದು ಮೈಸೂರು ದರ್ಬಾರಿನದು. ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದ ಊರಿನಲ್ಲಿ ಅವರ ನೆನಪಿಗೆ ದೊಡ್ಡ ಕುರುಹೊಂದು ಇರಬೇಕಾಗಿತ್ತೆಂದು ಅವರ ದನಿಯನ್ನು ಕೇಳಿದ ಯಾರಿಗಾದರೂ ಅನಿಸದಿರದು.

ಎಲ್ಲ ಕಡೆ ಗಂಡಸರ ಹೆಸರೇ ಬರುತ್ತೆ. ಈ ಪರಂಪರೆಯಲ್ಲಿ ಹೆಂಗಸರು ಇರಲಿಲ್ವಾ?

ಇದ್ದರು, ಮತ್ತು ಅವರ ಹೆಸರುಗಳು ಹಿಂದೆ ಸರಿದದ್ದಕ್ಕೆ ಬರೆಯುವವರೇ ಹೊಣೆ. ಜಟ್ಟಿ ತಾಯಮ್ಮನವರು (1857–1947) ಆಸ್ಥಾನದ ನರ್ತಕಿ. ಕೂತಲ್ಲಿಯೇ ಒಂದು ಪದದ ಒಂದೇ ಸಾಲಿಗೆ ಮುಖದಲ್ಲಿಯೂ ಕೈಗಳಲ್ಲಿಯೂ ಹತ್ತಾರು ಭಾವಗಳನ್ನು ತೆಗೆಯುವ ಅಭಿನಯಕ್ಕೆ ಅವರು ಹೆಸರಾಗಿದ್ದರು. ಹೀಗೆ ಅಭಿನಯಿಸಬೇಕಾದರೆ ಪದದ ಸಾಹಿತ್ಯವೂ ರಾಗವೂ ಒಳಗಿಳಿದಿರಬೇಕು. ಆದ್ದರಿಂದ ಅವರನ್ನು ಸಂಗೀತದ ಚರಿತ್ರೆಯಿಂದ ಹೊರಗಿಡುವುದು ಸಲ್ಲದು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು (1906–2002) ಅರಮನೆಯಲ್ಲಿ ನರ್ತಿಸಿದವರು. ಸಂಸ್ಥಾನದ ಕಾಲ ಮುಗಿದ ಮೇಲೆ ಮೈಸೂರು ಶೈಲಿಯ ಭರತನಾಟ್ಯವನ್ನು ಮುಂದಿನ ತಲೆಮಾರುಗಳಿಗೆ ದಾಟಿಸಿದರು. 1992ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಜಯಚಾಮರಾಜ ಒಡೆಯರು ಯುರೋಪಿನ ಸಂಗೀತಕ್ಕೆ ಹಣ ಕೊಟ್ಟರು ಅಂತ ಓದಿದೆ. ಅದು ಮೈಸೂರಿನ ಪರಂಪರೆ ಹೇಗಾಗುತ್ತೆ?

ಮೈಸೂರಿನಲ್ಲಿ ಪಾಶ್ಚಾತ್ಯ ಸಂಗೀತ ಆಗಲೇ ಬೇರೂರಿತ್ತು. ಅರಮನೆಯ ಬ್ಯಾಂಡ್ ಪಾಶ್ಚಾತ್ಯ ವಾದ್ಯಗಳಲ್ಲಿ ಕರ್ನಾಟಕ ಕೃತಿಗಳನ್ನು ನುಡಿಸುತ್ತಿತ್ತು, ನಾಲ್ವಡಿಯವರೇ ಹಲವು ವಾದ್ಯಗಳನ್ನು ಬಲ್ಲವರಾಗಿದ್ದರು. ಜಯಚಾಮರಾಜ ಒಡೆಯರು (1919–1974) ಪಿಯಾನೋ ವಾದನದಲ್ಲಿ ಗಂಭೀರವಾಗಿ ತೊಡಗಿದ್ದವರು. ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಅನಾರೋಗ್ಯ ಮತ್ತು ಬಡತನಗಳಲ್ಲಿದ್ದಾಗ ಅವರ ಕೃತಿಗಳನ್ನು ಅವರಿಂದಲೇ ಧ್ವನಿಮುದ್ರಿಸಲು ಒಡೆಯರು ಹಣ ಒದಗಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದರ ಹಿಂದೆಯೂ ಅವರ ನೆರವಿತ್ತು. ಇದೇ ವ್ಯಕ್ತಿ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಇವೆರಡನ್ನೂ ಒಬ್ಬರೇ ಮಾಡಿದ್ದು ಆಕಸ್ಮಿಕವಲ್ಲ. ಶೇಷಣ್ಣನವರು ಪಿಯಾನೋ ನುಡಿಸುತ್ತಿದ್ದ ಊರಿನಲ್ಲಿ ಅವರು ಬೆಳೆದಿದ್ದರು.

ಆಕಾಶವಾಣಿ ಹುಟ್ಟಿದ ಮನೆ ಮೈಸೂರಿನಲ್ಲಿದೆ ಅಂತಾರೆ. ಯಾವುದು?

ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ‘ವಿಠಲ ವಿಹಾರ’. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಅವರು ಪ್ರಸಾರ ಆರಂಭಿಸಿದರು. ಮುಂದೆ ಸಂಸ್ಥಾನ ಅದನ್ನು ವಹಿಸಿಕೊಂಡಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು, ಸುಮಾರು ಎರಡು ದಶಕಗಳ ಬಳಿಕ ಮೈಸೂರಿಗೆ ಮತ್ತೆ ನಿಲಯ ಸಿಕ್ಕಿತು. ಅಂಗಣದ ಗೋಡೆಗಳೊಳಗೆ ಉಳಿಯುತ್ತಿದ್ದ ಕಛೇರಿ ಮನೆಮನೆಗೆ ಹೋದದ್ದು ಇಲ್ಲಿಂದ.

## ಕಟ್ಟಡ, ನಾದ ಮತ್ತು ಸಂರಕ್ಷಣೆ

ಮೈಕ್ ಇಲ್ಲದ ಕಾಲದಲ್ಲಿ ವೀಣೆ ಅಷ್ಟು ಜನರಿಗೆ ಹೇಗೆ ಕೇಳಿಸುತ್ತಿತ್ತು?

ಅಷ್ಟು ಜನರಿಗೆ ಕೇಳಿಸುತ್ತಿರಲಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ವೀಣೆ ಮೆಲುದನಿಯ ವಾದ್ಯ. ಅದರ ನಿಜವಾದ ಜಾಗ ಹತ್ತಾರು ಜನ ಮಾತ್ರ ಕೂರುವ ಕೋಣೆ. ಶೇಷಣ್ಣನವರು ತಮ್ಮ ಮನೆಯಲ್ಲಿ ರಾಮನವಮಿಗೆ ನಡೆಸುತ್ತಿದ್ದ ಕಛೇರಿಗಳನ್ನು ಹಿರಿಯರು ಅಷ್ಟು ಅಕ್ಕರೆಯಿಂದ ನೆನೆಯುತ್ತಿದ್ದುದಕ್ಕೆ ವಾದನದಷ್ಟೇ ಆ ಸಾಮೀಪ್ಯವೂ ಕಾರಣವಿರಬೇಕು.

ಕಟ್ಟಡದ ವಸ್ತುವೂ ಮುಖ್ಯ. ಹಳೆಯ ಮನೆಗಳಲ್ಲಿ ಮರದ ತೊಲೆ, ಮರದ ಕಂಬ, ಸುಣ್ಣದ ಗಾರೆಯ ಗೋಡೆ, ನೆಲಕ್ಕೆ ಹಾಸಿದ ಜಮಖಾನ ಇರುತ್ತಿದ್ದವು. ಇವೆಲ್ಲ ನಾದವನ್ನು ತಕ್ಕಮಟ್ಟಿಗೆ ಹೀರಿಕೊಳ್ಳುವುದರಿಂದ ಒಂದು ಸ್ವರದ ಮೇಲೆ ಇನ್ನೊಂದು ಬಿದ್ದು ಕಲಸಿಹೋಗುತ್ತಿರಲಿಲ್ಲ. ಅಂಬಾವಿಲಾಸದ ಎಂಟು ಮೂಲೆಯ ಕಲ್ಯಾಣ ಮಂಟಪದಂಥ ಜಾಗದಲ್ಲಿ ಮೇಲೆ ಬಣ್ಣದ ಗಾಜಿನ ಗುಮ್ಮಟ, ಸುತ್ತ ಎರಕದ ಕಬ್ಬಿಣದ ಕಂಬಗಳು, ಕೆಳಗೆ ನುಣುಪಾದ ನೆಲ. ಇಂಥಲ್ಲಿ ನಾದ ಬೇಗ ಇಳಿಯುವುದಿಲ್ಲ. ನಾಗಸ್ವರಕ್ಕೆ ಅದು ಮೆರುಗು ಕೊಡಬಹುದು. ವೇಗವಾಗಿ ನುಡಿಸುವ ವೀಣೆಗೆ ಒಗ್ಗುವುದಿಲ್ಲ. ಯಾವ ಸಂಗೀತ ಯಾವ ಜಾಗದ್ದೆಂಬ ತಿಳಿವು ಹಿಂದಿನವರಿಗಿತ್ತು. ಧ್ವನಿವರ್ಧಕ ಎಲ್ಲ ಜಾಗಗಳನ್ನೂ ಒಂದೇ ಮಾಡಿದ ಮೇಲೆ ಆ ತಿಳಿವು ಮಸುಕಾಯಿತು.

ಹಳೆಯ ಕಟ್ಟಡ ರಿಪೇರಿ ಮಾಡುವಾಗ ಗಟ್ಟಿಯಾಗಿರಲಿ ಅಂತ ಸಿಮೆಂಟ್ ಹಾಕಿದರೆ ತಪ್ಪೇನು?

ಇಟ್ಟಿಗೆ ಮತ್ತು ಸುಣ್ಣದಿಂದ ಕಟ್ಟಿದ ಗೋಡೆ ನೀರನ್ನು ಸ್ವಲ್ಪ ಹೀರಿ ಮತ್ತೆ ಬಿಡುತ್ತಿರುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾರದೆ ಅಲ್ಲೇ ನಿಲ್ಲುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟ್ ಹಾಗೆಯೇ ನಿಂತಿದ್ದು ಹಿಂದಿನ ಇಟ್ಟಿಗೆ ಪುಡಿಯಾಗಿರುತ್ತದೆ.

ಇನ್ನೂ ಅಪಾಯದ ಜಾಗವೆಂದರೆ ಮದರಾಸ್ ತಾರಸಿ. ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಜೋಡಿಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಪದರವನ್ನು ಬಡಿದು ಕೂರಿಸುವ ಪದ್ಧತಿ ಅದು. ಈ ತಾರಸಿ ಸೋತಾಗ ಮೊದಲು ಸೋಲುವುದು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಳೆನೀರಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡು ನೀರು ಗೋಡೆಗೆ ಇಳಿದರೆ ಸಾಕು, ತುದಿ ಕೊಳೆಯತೊಡಗುತ್ತದೆ. ಸೋರುತ್ತದೆಂದು ಮೇಲೆ ಕಾಂಕ್ರೀಟ್ ಸುರಿದರೆ ಕೊಳೆತ ತುದಿಯ ಮೇಲೆ ಭಾರ ಇನ್ನಷ್ಟು ಬೀಳುತ್ತದೆ. ವರ್ಷಕ್ಕೊಮ್ಮೆ ಮುಂಗಾರಿಗೆ ಮುನ್ನ ದೋಣಿ ತೆಗೆಸುವುದು, ಬಿರುಕು ಬಿಟ್ಟಲ್ಲಿ ಸುಣ್ಣದ ಗಾರೆಯನ್ನೇ ತುಂಬುವುದು, ತೊಲೆಯ ತುದಿಗಳನ್ನು ಬಡಿದು ನೋಡುವುದು, ಈ ಮೂರು ಕೆಲಸಗಳು ಎಷ್ಟೋ ಕಟ್ಟಡಗಳನ್ನು ಉಳಿಸಬಲ್ಲವು.

ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ ಸಂಗೀತದ ಕಟ್ಟಡಗಳಲ್ಲ. ಅವನ್ನು ಯಾಕೆ ಈ ಪಟ್ಟಿಗೆ ಸೇರಿಸಬೇಕು?

ಸಂಗೀತ ನಡೆದ ಕಟ್ಟಡಗಳು ಮಾತ್ರ ಉಳಿದರೆ ಸಾಲದು ಎಂಬ ಕಾರಣಕ್ಕೆ. ಅಂಗಡಿಸಾಲಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ಜನ ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲ ಭಾಗ ಬಿತ್ತು. ಕೆಡವಿ ಹೊಸದು ಕಟ್ಟಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ಎಳೆಯಿತು. ಜೀವಕ್ಕೆ ಅಪಾಯವಿದ್ದರೆ ಕಟ್ಟಡವನ್ನು ಮುಚ್ಚಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀದಿಯ ಕೆಳಸಾಲಿನ ಅಂಗಡಿ, ಮಾರುಕಟ್ಟೆಯ ಹೂವಿನ ಸಾಲು, ಹಿಂದಿನ ಬೀದಿಯ ವಠಾರ ಇವೆಲ್ಲ ಇದ್ದಾಗಲೇ ಕೇಳುಗರು ಕಛೇರಿಗೆ ನಡೆದು ಬರುವ ದೂರದಲ್ಲಿ ವಾಸವಾಗಿರುತ್ತಾರೆ. ಅವರು ಹೊರಬಡಾವಣೆಗಳಿಗೆ ಹೋದ ಮೇಲೆ ಹಳೆಯ ಊರಿನ ಸಭಾಂಗಣ ಎಷ್ಟೇ ಚೆಂದವಾಗಿದ್ದರೂ ಸಂಜೆ ಆರರ ಕಛೇರಿಗೆ ಕುರ್ಚಿಗಳು ಖಾಲಿ ಉಳಿಯುತ್ತವೆ.

ಪಾರಂಪರಿಕ ಕಟ್ಟಡ ಅಂತ ಫಲಕ ಹಾಕಿದ ಮೇಲೆ ಉಳಿದಂತೆಯೇ ಅಲ್ಲವೇ?

ಅಲ್ಲ. ಪಾರಂಪರಿಕ ಪಟ್ಟಿಗೆ ಸೇರುವುದು ಮೊದಲ ಹೆಜ್ಜೆ ಮಾತ್ರ. ಪಟ್ಟಿ ಹೆಚ್ಚಾಗಿ ಮುಂಭಾಗವನ್ನೂ ಕಮಾನುಗಳನ್ನೂ ಗುಮ್ಮಟವನ್ನೂ ನೋಡುತ್ತದೆ. ಒಳಗಿನ ಅಂಗಣದಲ್ಲಿ ಕೂತು ಕೇಳಿದಾಗ ನಾದ ಹೇಗಿತ್ತೆಂಬುದನ್ನು ಯಾವ ಪಟ್ಟಿಯೂ ದಾಖಲಿಸುವುದಿಲ್ಲ. ದುರಸ್ತಿಯ ಹೆಸರಿನಲ್ಲಿ ಮರದ ಚಾವಣಿ ಹೋಗಿ ಗಾರೆಯ ಹಲಗೆ ಬಂದರೆ, ನೆಲಕ್ಕೆ ಹೊಳೆಯುವ ಕಲ್ಲು ಬಂದರೆ, ಹೊರಗಿನ ಚಹರೆ ಉಳಿದು ಒಳಗಿನ ಸಂಗೀತದ ಮನೆ ಹೋಗಿರುತ್ತದೆ. ಸಂಗೀತಕ್ಕಾಗಿ ಕಟ್ಟಿದ ಜಾಗವನ್ನು ಉಳಿಸುವ ಸರಿಯಾದ ದಾರಿ ಅದರಲ್ಲಿ ಸಂಗೀತ ನಡೆಸುವುದು ಎಂದು ನಾನು ದೃಢವಾಗಿ ನಂಬಿದ್ದೇನೆ. ತಿಂಗಳಿಗೊಂದು ಕಛೇರಿ ನಡೆಯುವ ಕಟ್ಟಡದಲ್ಲಿ ಸೋರುವ ಮೂಲೆ ಕೂಡಲೇ ಯಾರದಾದರೂ ಕಣ್ಣಿಗೆ ಬೀಳುತ್ತದೆ. ಬೀಗ ಹಾಕಿದ ಕಟ್ಟಡದಲ್ಲಿ ಅದು ತೊಲೆ ಬಿದ್ದ ಮೇಲೆ ತಿಳಿಯುತ್ತದೆ.

ಈಗ ಮೈಸೂರಿಗೆ ಬಂದರೆ ಎಲ್ಲಿ ಕೇಳಬಹುದು? ದಸರಾ ಬಿಟ್ಟು ಹೇಳಿ.

ದಸರಾದಲ್ಲಿ ಅರಮನೆಯ ಮುಂದಿನ ವೇದಿಕೆ ಮತ್ತು ಜಗನ್ಮೋಹನದ ಸಭಾಂಗಣದ ಕಾರ್ಯಕ್ರಮಗಳು ಎಲ್ಲರಿಗೂ ಗೊತ್ತು. ಅದನ್ನು ಬಿಟ್ಟರೆ ಗಣೇಶೋತ್ಸವದ ಕಾಲದಲ್ಲಿ ಬನ್ನಿ. ವಾಣಿವಿಲಾಸ ಮೊಹಲ್ಲದ 8ನೇ ಅಡ್ಡರಸ್ತೆಯಲ್ಲಿ 1962ರಿಂದ ನಡೆದುಬಂದ ಉತ್ಸವದಲ್ಲಿ ಬೀದಿಗೆ ಚಪ್ಪರ ಹಾಕಿ ಪ್ರತಿ ಸಂಜೆ ದೊಡ್ಡ ಕಛೇರಿಗಳನ್ನು ಏರ್ಪಡಿಸುತ್ತಾರೆ. ಟಿಕೆಟ್ಟಿನ ಹಂಗಿಲ್ಲದೆ ಕೇಳಬಹುದು. ಕೃಷ್ಣಪ್ಪನವರು ಊರಿಗಾಗಿ ಬಾಗಿಲು ತೆರೆದ ಗುಣ ಅಲ್ಲಿ ಇನ್ನೂ ಕಾಣುತ್ತದೆ. ಕುವೆಂಪುನಗರದಲ್ಲಿ ಗಾನಭಾರತಿಯ ವೀಣೆ ಶೇಷಣ್ಣ ಭವನ ಮತ್ತು ಜೆ.ಎಲ್.ಬಿ. ರಸ್ತೆಯಲ್ಲಿ ನಾದಬ್ರಹ್ಮ ಸಂಗೀತ ಸಭೆಯ ವೇದಿಕೆ ವರ್ಷವಿಡೀ ಕೆಲಸ ಮಾಡುತ್ತವೆ. ಶಾಸ್ತ್ರೀಯವಾಗಿ ಕಲಿಯಬಯಸುವವರಿಗೆ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇರುವುದೂ ಮೈಸೂರಿನಲ್ಲಿಯೇ.

ನಮ್ಮ ತಾತ ಸಂಗೀತಗಾರರು. ಮನೆಯಲ್ಲಿ ಹಳೆಯ ನೋಟ್ ಪುಸ್ತಕ, ಟೇಪು, ಒಂದು ವೀಣೆ ಇದೆ. ಮನೆ ಮಾರ್ತಾ ಇದ್ದೀವಿ, ಇವನ್ನೆಲ್ಲ ಏನು ಮಾಡೋದು?

ಮೊದಲ ಕೆಲಸ, ಏನನ್ನೂ ಚೊಕ್ಕಟ ಮಾಡಲು ಹೋಗಬೇಡಿ. ಪುಸ್ತಕಗಳು ಇದ್ದ ಕ್ರಮದಲ್ಲೇ ಪ್ರತಿ ಪುಟದ ಚಿತ್ರ ತೆಗೆದುಕೊಳ್ಳಿ, ಅಂಚಿನಲ್ಲಿ ಬರೆದ ಸಣ್ಣ ಗುರುತುಗಳನ್ನೂ ಬಿಡಬೇಡಿ. ಸ್ವರಪ್ರಸ್ತಾರದ ಪಕ್ಕದ ಒಂದು ಗೀರು ಯಾವ ಗಮಕವೆಂಬುದನ್ನು ಅದೇ ಬಾನಿಯವರು ಓದಬಲ್ಲರು. ಟೇಪುಗಳನ್ನು ಮನೆಯ ಹಳೆಯ ಯಂತ್ರದಲ್ಲಿ ಹಾಕಿ ನೋಡಬೇಡಿ, ಒಮ್ಮೆ ಸಿಕ್ಕಿಕೊಂಡರೆ ಅದರ ಮೇಲಿನ ದನಿ ಮತ್ತೆ ಬಾರದು; ಅನುಭವವಿರುವವರ ಕೈಯಲ್ಲಿ ಡಿಜಿಟಲ್ ಪ್ರತಿ ಮಾಡಿಸಿ, ಯಾರು, ಎಲ್ಲಿ, ಯಾವ ಸಂದರ್ಭ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿ. ವೀಣೆಗೆ ಹೊಸ ಪಾಲಿಶ್ ಕೊಡಿಸಬೇಡಿ. ತಂತಿಗಳನ್ನು ಸಡಿಲಿಸಿ, ಬಿಸಿಲು ಬೀಳದ ಕಡೆ ಇರಿಸಿ, ಮೇಳ ಕಟ್ಟುವವರಿಗೆ ತೋರಿಸಿ.

ಮನೆಯನ್ನು ಕೊಳ್ಳುವವರು ಕೆಡವುವವರೇ ಆಗಿದ್ದರೆ, ತಾತ ಪಾಠ ಹೇಳುತ್ತಿದ್ದ ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಅಳೆದು, ತೊಲೆ ಮತ್ತು ಕಿಟಕಿಗಳ ಜಾಗ ಗುರುತಿಸಿ ಒಂದು ನಕ್ಷೆ ಬರೆಸಿ. ಮನೆ ಬಿಡುವ ಮುನ್ನ ಆ ಕೋಣೆಯಲ್ಲಿಯೇ ಅದೇ ವೀಣೆಯನ್ನು ಬಲ್ಲವರೊಬ್ಬರಿಂದ ನುಡಿಸಿ, ಧ್ವನಿವರ್ಧಕವಿಲ್ಲದೆ, ಕೇಳುಗರು ಕೂರುತ್ತಿದ್ದ ಜಾಗದಲ್ಲಿ ಯಂತ್ರವಿಟ್ಟು ಧ್ವನಿಮುದ್ರಿಸಿಕೊಳ್ಳಿ. ಪುಸ್ತಕ ಮತ್ತು ಧ್ವನಿಯ ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದನ್ನು ಸಂಗೀತ ಕಲಿಸುವ ಸಂಸ್ಥೆಯೊಂದರ ಗ್ರಂಥಾಲಯಕ್ಕೆ ರಸೀದಿ ಪಡೆದು ಒಪ್ಪಿಸಿ.